ಕನ್ನಂಬಾಡಿ ಕಟ್ಟೆಯ ಕಾವಲು ಯಾರದು?

ಮಂಡ್ಯ ಸೀಮೆಯ ಅನ್ನವೂ ಮೈಸೂರು ಬೆಂಗಳೂರು ನಗರಗಳ ಕುಡಿಯುವ ನೀರೂ ಕನ್ನಂಬಾಡಿಯ ಕಟ್ಟೆಯನ್ನು ಆಶ್ರಯಿಸಿರುವುವೆಂದು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. 1911ರಲ್ಲಿ ಕೆಲಸ ಮೊದಲಾಗಿ, ಕಲ್ಲು ಮತ್ತು ಸುರ್ಕಿಗಾರೆಯಿಂದ ಎದ್ದ ಈ ಕಟ್ಟೆಯು 49 ಟಿ.ಎಂ.ಸಿ.ಗೂ ಮಿಕ್ಕ ನೀರನ್ನು ತಡೆದು ನಿಲ್ಲಿಸತಕ್ಕುದು. ಇದಕ್ಕೆ ಅನತಿದೂರದಲ್ಲಿ, ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿ, ವರ್ಷಗಟ್ಟಲೆ ಬಂಡೆಗೆ ಕುಳಿ ಕೊರೆದು ಮದ್ದು ಸಿಡಿಸಿದರು. 2018ರ ಸೆಪ್ಟೆಂಬರ್ ತಿಂಗಳಲ್ಲಿ ಭಾರಿ ಶಬ್ದವೊಂದು ಕೇಳಿಬಂದು ಭೂಕಂಪಮಾಪಕದಲ್ಲಿಯೂ ದಾಖಲಾಯಿತು. ಅದು ಕಲ್ಲುಗಣಿಯ ಸಿಡಿತವಿರಬಹುದೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಎಚ್ಚರಿಸಿದರು. ಆಮೇಲೂ ಐದು ವರ್ಷ ವಾದವಿವಾದದಲ್ಲಿಯೇ ಕಳೆದುವು. ಕಡೆಗೆ 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವೇ ಕಟ್ಟೆಯ ಸುತ್ತ 20 ಕಿಲೊಮೀಟರಿನೊಳಗೆ ಗಣಿಕೆಲಸವನ್ನು ತಡೆಯಬೇಕಾಯಿತು.

ಗಣಿಯ ಗುತ್ತಿಗೆ ಕೊಡುವವರು ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು. ಕಟ್ಟೆಯನ್ನು ನೋಡಿಕೊಳ್ಳುವವರು ಕಾವೇರಿ ನೀರಾವರಿ ನಿಗಮದವರು. ಆದರೆ ಬೆಟ್ಟದ ಕೆಳಗಣ ಮನೆಯ ಗೋಡೆ ಅದುರಿದಾಗ ಮೊದಲು ಅರಿಯುವವನು ಊರಿನ ಪಂಚಾಯಿತಿಯ ಸದಸ್ಯನು. ಆತನಿಗೆ ನೋಡುವ ಕಣ್ಣುಂಟು, ತಡೆಯುವ ಕೈಯಿಲ್ಲ! ಮೇಲಣ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಗತಿಯನ್ನಂತೂ ಕೇಳುವುದೇ ಬೇಡ. 2021ರಲ್ಲಿ ಸದಸ್ಯರ ಅವಧಿ ತೀರಿದ ಮೇಲೆ ವರ್ಷಾನುವರ್ಷ ಚುನಾವಣೆಯೇ ನಡೆಯದೆ ಅಧಿಕಾರಿಗಳ ಕೈಯಲ್ಲಿಯೇ ಅವು ಉಳಿದುವು. ಪ್ರಜೆಗಳ ಪ್ರತಿನಿಧಿಯೇ ಇಲ್ಲದ ಸಭೆಯಲ್ಲಿ ಕಟ್ಟೆಯ ಪರವಾಗಿ ಮಾತಾಡುವವರು ಯಾರು? 2024ರ ಜುಲೈಯಲ್ಲಿ ಪರೀಕ್ಷಾರ್ಥವಾಗಿ ಸಿಡಿಮದ್ದು ಹಚ್ಚಲು ಹೊರಟಾಗ ಅಡ್ಡ ನಿಂತವರು ರೈತರು. ಅವರು ಬೀದಿಗೆ ಇಳಿಯಬೇಕಾಯಿತೆಂಬುದೇ ನಮ್ಮ ಸ್ಥಳೀಯ ಸಂಸ್ಥೆಗಳ ದುರ್ಬಲತೆಗೆ ಸಾಕ್ಷಿ.

ಕಲ್ಲು ಒಡೆದು ಬದುಕುವ ಬಡವರ ಗಂಜಿಗೆ ಕಲ್ಲು ಹಾಕಬೇಕೆಂದು ನಾವು ಹೇಳುವುದಿಲ್ಲ. ಸುತ್ತಿಗೆ ಉಳಿಗಳಿಂದ ದುಡಿಯುವವನು ಬೇರೆ, ಮದ್ದಿಟ್ಟು ಟಿಪ್ಪರುಗಳಲ್ಲಿ ಜಲ್ಲಿ ಸಾಗಿಸುವವನು ಬೇರೆ. ಮೊದಲನೆಯವನಿಗೆ ಬದಲು ಜೀವನೋಪಾಯ ಕಲ್ಪಿಸುವುದು ಸರ್ಕಾರದವರ ಹೊಣೆ.

ಕಟ್ಟೆ ಶ್ರೀರಂಗಪಟ್ಟಣದವರದು, ಬೆಟ್ಟ ಪಾಂಡವಪುರದವರದು, ಹಿನ್ನೀರು ಕೃಷ್ಣರಾಜಪೇಟೆಯವರದೆಂದು ಗಡಿ ಎಣಿಸುತ್ತ ಕುಳಿತರೆ ಕೆಲಸ ನಡೆಯದು. ಹೇಮಾವತಿ ನಾಲೆಯ ನೀರುಣ್ಣುವ ನಾಗಮಂಗಲದವರಿಗೂ ನಾಲೆಯ ಏರಿಯ ಚಿಂತೆ ಇದ್ದೇ ಇರುವುದು. ಗಣಿಗೆ ಸಂಬಂಧಿಸಿದ ಪ್ರತಿಯೊಂದು ಅರ್ಜಿಯ ನಕಲೂ ಗ್ರಾಮ ಪಂಚಾಯಿತಿಗೆ ಬರತಕ್ಕದ್ದು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಗುತ್ತಿಗೆ ಕೊಡಕೂಡದು. ರಾತ್ರಿಯ ಸಿಡಿತವನ್ನು ದಾಖಲಿಸಲು ಪ್ರತಿ ಪಂಚಾಯಿತಿಯಲ್ಲಿಯೂ ಪುಸ್ತಕವಿರಬೇಕು. ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳೂ ಬರುವ ಗ್ರಾಮಸಭೆಯಲ್ಲಿಯೇ ಈ ನಿರ್ಣಯಗಳನ್ನು ಮಾಡಿ ಜಿಲ್ಲಾಧಿಕಾರಿಗಳಿಗೆ ಕಳುಹಿಸಲಿ.