ಬರಿಗಾಲಿನವರು ಗೆದ್ದ ಪಾರಿತೋಷಕ

ಸಂಜೆಯ ಹೊತ್ತು ನಮ್ಮ ಭೀಮರಾಯನಗುಡಿಯ ಬಯಲಿನಲ್ಲಿ ಚೆಂಡೊದೆಯುವ ಹುಡುಗರನ್ನು ಕೇಳಿದರೆ, ದೂರದೇಶಗಳ ಆಟಗಾರರ ಹೆಸರುಗಳನ್ನು ತಟ್ಟನೆ ಹೇಳಿಯಾರು. ಆದರೆ ಗೋರಾ ಪಡೆಗಳಿಗೇ ಮೀಸಲೆಂಬಂತಿದ್ದ ಪಾರಿತೋಷಕವೊಂದನ್ನು ಕನ್ನಡನಾಡಿನ ಸಂಘವೇ ಗೆದ್ದು ತಂದಿತೆಂಬುದನ್ನು ಅವರ ಹಿರಿಯರಾದರೂ ಎಷ್ಟು ಮಂದಿ ಬಲ್ಲರು? ‘ಬೆಂಗಳೂರು ಮುಸ್ಲಿಮ್ಸ್’ ಎಂಬ ಆ ಸಂಘದ ವೃತ್ತಾಂತವನ್ನು ವಾಚಕರು ತಿಳಿಯುವುದು ಉಚಿತವಾಗಿದೆ.

ಕಾಲ್ಚೆಂಡಿನ ಆಟವು ನಮ್ಮ ದೇಶಕ್ಕೆ ಬಂದುದು ಇಂಗ್ಲಿಷರ ದಂಡಿನೊಡನೆ. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡುಪ್ರದೇಶದಲ್ಲಿ ಸಿಪಾಯಿಗಳು ಆಡುತ್ತಿದ್ದುದನ್ನು ಕಂಡು ನೆರೆಯ ಕೇರಿಗಳ ಹುಡುಗರೂ ಅದನ್ನು ಕಲಿತರು. ಬೂಟುಗಳಿಗೆ ಹಣವೆಲ್ಲಿಯದು? ಬರಿಗಾಲೇ ಅವರ ಸಾಧನವಾಯಿತು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಗಳಲ್ಲಾದರೋ ನಾಲ್ಕು ದಶಕಗಳಿಗೂ ಮಿಗಿಲಾಗಿ ಗೆಲುವು ಬ್ರಿಟಿಷ್ ರೆಜಿಮೆಂಟುಗಳದ್ದೇ ಆಗಿದ್ದಿತು.

1937ರಲ್ಲಿ ಆ ಸರಪಳಿ ಕಡಿಯಿತು. ಅಂತಿಮ ಪಂದ್ಯದಲ್ಲಿ ಬೆಂಗಳೂರಿನವರಿಗೆ ಎದುರಾದುದು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ವರ್ಷವರ್ಷವೂ ಕಲಕತ್ತೆಯ ಲೀಗನ್ನು ಗೆದ್ದು ದೇಶವೆಲ್ಲ ಹೆಸರಾಗಿದ್ದ ತಂಡವದು. ಅದನ್ನು ಒಂದೇ ಗೋಲಿನಿಂದ ಸೋಲಿಸಿ, ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವೆಂಬ ಕೀರ್ತಿಯನ್ನು ನಮ್ಮವರು ಪಡೆದರು. ಇದು ಅದೃಷ್ಟದ ಆಟವೆಂದು ಯಾರಾದರೂ ಆಡಿಕೊಂಡಿದ್ದರೆ, ಅದಕ್ಕೆ ಉತ್ತರವು ಮರುವರ್ಷವೇ ದೊರೆಯಿತು. 1938ರಲ್ಲಿಯೂ ಪಾರಿತೋಷಕವು ಬೆಂಗಳೂರಿಗೇ ಬಂದಿತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಮೂರನೆಯ ಬಾರಿ ಅದನ್ನು ಗೆದ್ದರು.

ಈ ಸಂಘಕ್ಕಾಗಿ ಆಡಿದವರಲ್ಲಿ ಅಹಮದ್ ಖಾನರ ಹೆಸರನ್ನು ಮರೆಯಲಾಗದು. ಬರಿಗಾಲಿನಲ್ಲಿ ಚೆಂಡನ್ನು ಹಾವಾಡಿಗನಂತೆ ಆಡಿಸಬಲ್ಲ ಚತುರರು ಅವರು. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಭಾರತದ ಪರವಾಗಿ ಆಡಿದರು. ಅಲ್ಲಿ ಫ್ರಾನ್ಸಿನ ಎದುರು ನಮ್ಮವರು 2–1ರಿಂದ ಸೋತರೂ, ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. 1951ರಲ್ಲಿ ದಿಲ್ಲಿಯ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಖಾನರು ಇದ್ದರು.

ಆದರೆ ಹಿರಿಮೆಯೊಡನೆ ಹಾನಿಯೂ ಬಂದಿತು. 1949ರಲ್ಲಿ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ನಾವು ಬೆಳೆಸಿದ ಸಸಿ ಬೇರೆಯವರ ಅಂಗಳದಲ್ಲಿ ಫಲಕೊಟ್ಟಿತು. ತವರಿನ ಪ್ರೀತಿಯೊಂದರಿಂದಲೇ ಆಟಗಾರನ ಹೊಟ್ಟೆ ತುಂಬದು; ದೊಡ್ಡ ಸಂಘಗಳೂ ದೊಡ್ಡ ನೆರವಿಯೂ ಕಲಕತ್ತೆಯಲ್ಲಿದ್ದವು. ಅಹಮದ್ ಖಾನರು 2017ರಲ್ಲಿ ತೀರಿಕೊಂಡರು. ರೋವರ್ಸ್ ಕಪ್ ಪಂದ್ಯಗಳೂ ಈ ಶತಮಾನದ ಆರಂಭದಲ್ಲಿಯೇ ನಿಂತುಹೋದವು.

ಬೇರು ಮಾತ್ರ ಒಣಗಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯು ಮೊದಲನೆಯ ಋತುವಿನಲ್ಲಿಯೇ ದೇಶದ ಲೀಗನ್ನು ಗೆದ್ದಿತು. 2023ರಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು.

ಬೂಟಿಲ್ಲವೆಂದು ಆಟವನ್ನು ಬಿಡದಿದ್ದವರ ಈ ಕಥೆಯನ್ನು ಊಟದ ಹೊತ್ತಿನಲ್ಲಿ ಮಕ್ಕಳಿಗೆ ಹೇಳಿರಿ. ಹೇಳುವವರಿದ್ದರೆ ಮಾತ್ರ ಗೆಲುವು ಉಳಿಯುತ್ತದೆ.