ಭಿಗವಣದ ರಾಜಹಂಸಗಳೂ ಪುಣೆಯ ಕ್ಯಾಮೆರಾಗಳೂ

ಪುಣೆ: ಚಳಿಗಾಲದ ರವಿವಾರ ಬೆಳಿಗ್ಗೆ ಪುಣೆಯ ಮನೆಗಳಲ್ಲಿ ಜನ ಸ್ವಲ್ಪ ತಡವಾಗಿ ಏಳುವುದೇ ರೂಢಿ. ಆದರೆ ಕೆಲವು ಮನೆಗಳಲ್ಲಿ ನಸುಕಿನ ನಾಲ್ಕೂವರೆಗೇ ದೀಪ ಉರಿಯುತ್ತದೆ. ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ, ಹೆಗಲಿಗೆ ಮೊಳದುದ್ದದ ಲೆನ್ಸು. ಹೊರಟದ್ದು ದೇವರ ದರ್ಶನಕ್ಕಲ್ಲ, ಹಕ್ಕಿಗಳ ದರ್ಶನಕ್ಕೆ. ನಿವೃತ್ತರು, ಐಟಿ ಕಂಪನಿಯ ತರುಣರು, ಶಾಲೆಯ ಮಕ್ಕಳು ಎಲ್ಲರೂ ಈ ಹವ್ಯಾಸಕ್ಕೆ ಬಿದ್ದಿದ್ದಾರೆ. ಲೆನ್ಸಿನ ಬೆಲೆ ಕೇಳಿದರೆ ಮಾತ್ರ ಮನೆಯವರ ಎದೆ ಧಸಕ್ಕೆನ್ನುತ್ತದೆ!

ಇವರಲ್ಲಿ ಹೆಚ್ಚಿನವರ ಗುರಿ ಸೊಲ್ಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ದೂರದ ಭಿಗವಣ. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಹರಡಿದೆ. ಉಜನಿ ಎಂದರೆ ಕಲಬುರಗಿ, ವಿಜಯಪುರ ಕಡೆಯ ನಮ್ಮವರಿಗೆ ಬೇರೆ ಪರಿಚಯ ಬೇಡ. ಬೇಸಿಗೆಯಲ್ಲಿ ಭೀಮೆ ಒಣಗಿದರೆ ಎಲ್ಲರ ಕಣ್ಣು ಉಜನಿಯ ಮೇಲೆ. 2020ರ ಅಕ್ಟೋಬರದಲ್ಲಿ ಅಲ್ಲಿಂದ ಬಿಟ್ಟ ನೀರು ಭೀಮಾ ತೀರದ ಹಳ್ಳಿಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅದೇ ನೀರಿನ ಇನ್ನೊಂದು ತುದಿಯಲ್ಲಿ ರಾಜಹಂಸಗಳು ಮೇಯುತ್ತವೆ.

ಮರಾಠಿಯಲ್ಲಿ ರೋಹಿತ ಎಂದು ಕರೆಯುವ ಈ ಹಕ್ಕಿಗಳು ಮರಿ ಮಾಡುವುದು ಕಚ್ಛದ ರಣದಲ್ಲಿ. ಮರಿಗಳು ಬೂದು ಬಣ್ಣದವು. ಪಾಚಿ, ಸಣ್ಣ ಸಿಗಡಿಯಂಥ ಜೀವಿಗಳನ್ನು ತಿಂದು ತಿಂದು ನಿಧಾನವಾಗಿ ಗುಲಾಬಿ ಬಣ್ಣ ಏರುತ್ತದೆ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು, ಜರಡಿ ಹಿಡಿದಂತೆ ಸೋಸಿ ತಿನ್ನುವುದು ಇವುಗಳ ಪದ್ಧತಿ. ಅದಕ್ಕೆ ಮೊಣಕಾಲುದ್ದದ ನೀರೇ ಬೇಕು. ಆದ್ದರಿಂದ ಮಳೆ ಜೋರಾಗಿ ಜಲಾಶಯ ತುಂಬಿದ ವರ್ಷ ರಾಜಹಂಸಗಳು ತಡವಾಗಿ ಬರುತ್ತವೆ. ನೀರು ಇಳಿದು ಕೆಸರು ಕಂಡಮೇಲೆ ಅವುಗಳ ಸುಗ್ಗಿ. ಇದು ತಿಳಿಯದೆ ದೀಪಾವಳಿಗೇ ಕಾರು ಮಾಡಿಕೊಂಡು ಹೋಗಿ, ಬರಿಗೈಯಲ್ಲಿ ಬಂದು ಬೈಯುವವರೂ ಇದ್ದಾರೆ.

ಕುಂಭಾರಗಾಂವ, ಡಿಕ್ಸಳದ ಮೀನುಗಾರರೇ ಇಲ್ಲಿ ಗುರುಗಳು. ಅಣೆಕಟ್ಟಿಗೆ ಹೊಲ ಕಳೆದುಕೊಂಡ ಸೀಮೆ ಇದು. ಬಲೆ ಬೀಸುತ್ತಿದ್ದವರು ಈಗ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು, ಹಕ್ಕಿಗಳ ಇಂಗ್ಲಿಷ್ ಹೆಸರನ್ನೂ ಪಟಪಟನೆ ಹೇಳುತ್ತಾರೆ. ಬಣ್ಣದ ಕೊಕ್ಕರೆ, ಮೀನು ಹಿಡಿಯುವ ಡೇಗೆ, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಎಲ್ಲ ಇಲ್ಲುಂಟು. ಈ ಹೆಬ್ಬಾತು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುವ ಅತಿಥಿ. ಆ ಕಡೆಯವರಿಗೆ ಇದನ್ನು ಕಂಡರೆ ತವರಿನವರು ಸಿಕ್ಕಂತೆ.

ಸಮಸ್ಯೆ ಇರುವುದು ಫೋಟೋದ ಆಸೆಯಲ್ಲಿ. ನಿಂತ ರಾಜಹಂಸದ ಚಿತ್ರ ಎಲ್ಲರ ಬಳಿಯೂ ಇದೆ. ರೆಕ್ಕೆ ಬಿಚ್ಚಿ ಹಾರುವ ಕೆಂಪು ಚಿತ್ರ ಬೇಕು. ಅದಕ್ಕಾಗಿ ದೋಣಿಯನ್ನು ಇನ್ನೂ ಹತ್ತಿರ ಒಯ್ಯಿರಿ ಎಂದು ಅಂಬಿಗನಿಗೆ ನೂರರ ಎರಡು ನೋಟು ಹೆಚ್ಚಿಗೆ ಕೊಡುವವರಿದ್ದಾರೆ. ಭಾರದ ಹಕ್ಕಿ, ನೀರ ಮೇಲೆ ದೂರ ಓಡಿಯೇ ಏಳಬೇಕು. ಬೆಳಗಿನಲ್ಲಿ ನಾಲ್ಕು ದೋಣಿ ನಾಲ್ಕು ಸಲ ಎಬ್ಬಿಸಿದರೆ ಅದು ತಿನ್ನುವುದು ಯಾವಾಗ? ಸಿಂಹಗಡದ ಕಣಿವೆಯಲ್ಲೂ ಇದೇ ಕಥೆ. ಬಿಳಿಯ ಉದ್ದ ಬಾಲದ ರಾಜಹಕ್ಕಿಯ ಗೂಡಿನ ಚಿತ್ರಕ್ಕಾಗಿ ಅಡ್ಡ ಬಂದ ಎಲೆ ಸವರಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಮರಿಗಳು ಕಾಗೆಯ ಕಣ್ಣಿಗೂ ಅಷ್ಟೇ ಚೆನ್ನಾಗಿ ಕಾಣುತ್ತವೆ. ಅಪರೂಪದ ಹಕ್ಕಿ ಕಂಡ ಜಾಗವನ್ನು ಗೂಡು ಕಟ್ಟುವ ಕಾಲದಲ್ಲಿ ಗುಟ್ಟಾಗಿಡುವುದು ಹಳಬರ ಕ್ರಮ. ಮೊಬೈಲ್ ಬಂದಮೇಲೆ ಅದು ಸಡಿಲವಾಗಿದೆ.

ಅಪರೂಪ ಎಂಬ ಮಾತಿಗೆ ಸೊಲ್ಲಾಪುರದ ನಾನಜ್ ಸಾಕ್ಷಿ. 1979ರಲ್ಲಿ ಮಾಳಢೋಕ್ ಅಂದರೆ ನಮ್ಮ ಎರ್ಲಡ್ಡು ಹಕ್ಕಿಗಾಗಿ ಅಭಯಾರಣ್ಯವಾದ ಹುಲ್ಲುಗಾವಲು ಅದು. ಇತ್ತೀಚಿನ ವರ್ಷಗಳಲ್ಲಿ ಒಂದು ಕಂಡರೂ ಸುದ್ದಿಯಾಗುತ್ತದೆ.

ಅಷ್ಟು ದೂರ ಆಗದವರಿಗೆ ಹಡಪಸರ ದಾಟಿದೊಡನೆ ಕವಡಿಪಾಟ ಇದೆ. ಮುಳಾ-ಮುಠಾ ನದಿಯ ಹಳೆಯ ಒಡ್ಡಿನ ಬಳಿ ಕಿತ್ತಳೆ ಮೈಯ ಬಾತುಗಳು ಜೋಡಿಜೋಡಿಯಾಗಿ ಕೂತಿರುತ್ತವೆ. ಹಳಗನ್ನಡದ ಕವಿಗಳು ವರ್ಣಿಸಿದ ಜಕ್ಕವಕ್ಕಿ ಎಂದರೆ ಇದೇ. ಶಾಲೆಯಲ್ಲಿ ಪದ್ಯ ಬಾಯಿಪಾಠ ಮಾಡಿದ ಹಿರಿಯರು ಮೊದಲ ಸಲ ಅದನ್ನು ಕಣ್ಣಾರೆ ಕಾಣುವುದು ಕೊಳಚೆಯ ಬಿಳಿ ನೊರೆಯ ನಡುವೆ, ಮೂಗಿಗೆ ಕರವಸ್ತ್ರ ಹಿಡಿದು! ಪುಣೆಯ ಬಚ್ಚಲ ನೀರೆಲ್ಲ ಈ ಹೊಳೆಯಿಂದ ಭೀಮೆಗೆ, ಅಲ್ಲಿಂದ ಉಜನಿಗೆ, ಮುಂದೆ ಅಫಜಲಪುರದತ್ತ ಸಾಗುತ್ತದೆ. ಇಲ್ಲಿ ನಾವು ಚೆಲ್ಲಿದ್ದೇ ಅಲ್ಲಿ ನಮ್ಮ ಅಣ್ಣತಮ್ಮಂದಿರ ಊರಿನ ಹೊಳೆ ಎಂಬುದು ಹಕ್ಕಿ ನೋಡಲು ಹೋದವರಿಗೆ ಹೆಚ್ಚು ಚೆನ್ನಾಗಿ ಅರ್ಥವಾಗಿದೆ.

ಭಿಗವಣಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಸೂರ್ಯ ಏಳುವ ಮೊದಲೇ ದಡದಲ್ಲಿರಬೇಕು. ಹತ್ತು ಗಂಟೆಯ ನಂತರ ಬಿಸಿಲಿನ ಝಳಕ್ಕೆ ಚಿತ್ರ ಸರಿ ಬರುವುದಿಲ್ಲ. ಗಾಢ ಬಣ್ಣದ ಬಟ್ಟೆ ಬೇಡ. ದೋಣಿ ಹತ್ತುವಾಗಲೇ ಅಂಬಿಗನಿಗೆ ಹಕ್ಕಿ ಎಬ್ಬಿಸುವುದು ಬೇಡವೆಂದು ಹೇಳಿಬಿಟ್ಟರೆ ಅವನಿಗೂ ಸಮಾಧಾನ. ಮರಳಿ ಬಂದಾಗ ಮೀನುಗಾರರ ಮನೆಯಲ್ಲೇ ಬಿಸಿ ಭಾಕರಿ, ಮೀನಿನ ಸಾರು ಸಿಗುತ್ತದೆ. ಶಾಕಾಹಾರಿಗಳು ಮೊದಲೇ ತಿಳಿಸಿದರೆ ಪಿಠ್ಲೆ ಮಾಡಿಕೊಡುತ್ತಾರೆ.