ನಿಮಗಿದು ಗೊತ್ತೆ? ಹಸುಗೂಸಿನ ಶ್ವಾಸಕೋಶಕ್ಕೂ ಗಡ್ಡೆ

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಬೀಡಿ, ಸಿಗರೇಟು ನೆನಪಾಗುತ್ತವೆ. ಆದರೆ ಹಾಲು ಕುಡಿಯುವ ಕೂಸಿಗೂ ಬರುವ ಅಪರೂಪದ ಗಡ್ಡೆಯೊಂದಿದೆ: ಪ್ಲೂರೋಪಲ್ಮನರಿ ಬ್ಲಾಸ್ಟೋಮಾ. ಅಮೆರಿಕದ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದು 1988ರಲ್ಲಿ. ಬಹುಪಾಲು ಮಕ್ಕಳಲ್ಲಿ ಇದರ ಮೂಲ ಡೈಸರ್-1 ವಂಶವಾಹಿಯ ದೋಷ ಎಂಬುದು ಗೊತ್ತಾಗಲು 2009 ಬರಬೇಕಾಯಿತು. ಹಾಗಾಗಿಯೇ ತಜ್ಞರು ಒಡಹುಟ್ಟಿದವರನ್ನೂ ಪರೀಕ್ಷಿಸಲು ಹೇಳುತ್ತಾರೆ.

ಮೊದಲ ಹಂತದಲ್ಲಿ, ಸಾಮಾನ್ಯವಾಗಿ ಎರಡು ವರ್ಷದೊಳಗೆ, ಇದು ಗಾಳಿ ತುಂಬಿದ ಬರೀ ಗುಳ್ಳೆ. ಎಕ್ಸ್-ರೇಯಲ್ಲಿ ಹುಟ್ಟಿನಿಂದಲೇ ಬಂದ ಸಾದಾ ಗುಳ್ಳೆಯಂತೆ ಕಾಣುತ್ತದೆ. ಅನುಭವಿ ಕಣ್ಣೂ ಮೋಸಹೋಗುವುದು ಇಲ್ಲೇ. ಆಗಲೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಗಟ್ಟಿ ಗಡ್ಡೆಯಾದ ಮೇಲೆ ಕಿಮೊಥೆರಪಿಯೂ ಬೇಕು, ಗುಣವಾಗುವ ಸಾಧ್ಯತೆಯೂ ಇಳಿಯುತ್ತದೆ.

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಾಗಲಿ ಬೇರೆಲ್ಲೇ ಆಗಲಿ, ಮಗುವಿನ ಕೆಮ್ಮು, ಏದುಸಿರಿಗೆ ಹೆಚ್ಚಾಗಿ ಕಫ, ನ್ಯುಮೋನಿಯಾಗಳೇ ಕಾರಣ. ಗಾಬರಿ ಬೇಡ. ಔಷಧಕ್ಕೆ ಬಗ್ಗದೆ ಎದೆಯ ಅದೇ ಭಾಗದಲ್ಲಿ ಮತ್ತೆ ಮತ್ತೆ ತೊಂದರೆ ಕಂಡರೆ ಮಾತ್ರ ದಾವಣಗೆರೆಯ ಮಕ್ಕಳ ತಜ್ಞರಿಗೆ ತೋರಿಸಿ, ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರ್‌ಗೆಂದೇ ವಿಭಾಗವಿದೆ. ಹೋಗುವಾಗ ಹಳೆಯ ಎಕ್ಸ್-ರೇಗಳೂ ಬಿಪಿಎಲ್ ಕಾರ್ಡೂ ಜೊತೆಗಿರಲಿ.